ಎರಡನೇ ಸಾಲು

ಏ ಏ ಏ… ಮುಟ್ಬೇಡ, ಮುಟ್ಬೇಡ! ಕೈ ಸುಟ್ಟುಹೋಗುತ್ತೆ ಕಣೇ! …ಹೂಂ, ಸುಡುತ್ತೆ. ಹೊಗೆ ಆಡ್ತಿದೆ ಅಂದ್ರೆ ಬಿಸಿ ಅಂತಾನೇ ಅಂದ್ಕೊಂಡ್ಯಾ? ಅದು ತಣ್ಣಗಿನ ಹೊಗೆ. ನೈಟ್ರೋಜನ್. ಅಷ್ಟು ತಣ್ಣಗಿದ್ರೆ ಅದೂ ಸುಡುತ್ತೆ. ಸ್ಕೂಲಲ್ಲಿ ಮಕ್ಕಳಿಗೆ ಕೈ ಕಟ್ಟಿ ನಿಂತ್ಕೊಳ್ಳಿ ಅಂತ ದಿನವೆಲ್ಲ ಸೀಟಿ ಊದ್ತೀಯ, ನಿನ್ನ ಕೈ ಮಾತ್ರ ಒಂದು ಕಡೆ ಇರಲ್ಲ. ಆಟದ ಟೀಚರಮ್ಮ! ಕೂತ್ಕೋ. ಆ ತಗ್ಗಿನ ಕುರ್ಚಿ ಬೇಡ, ಈ ಎತ್ತರದ ಸ್ಟೂಲ್ ತಗೋ. ಏಳೋಕೆ ಸುಲಭ.

ನಾನಾ? ನಾನೂ ಸ್ಟೂಲ್ ಮೇಲೇ ಕೂರೋದು. ಈ ಲ್ಯಾಬಿಗೆ ಸೇರಿ ಹದಿನೆಂಟು ವರ್ಷ ಆಯ್ತು, ಈ ಸ್ಟೂಲು ನನ್ನ ಮದುವೆ ಆಗಿದೆ ಅಂತ ಎಲ್ಲರೂ ಆಡ್ಕೋತಾರೆ.

ಅಲ್ಲ, ರಜಾ ದಿನ ಹುಡುಕ್ಕೊಂಡು ಇಲ್ಲೀವರೆಗೂ ಬಂದಿದ್ದೀಯಲ್ಲ, ಒಂದು ಫೋನ್ ಮಾಡಿದ್ರೆ ನಾನೇ ಮನೆಗೆ ಬರ್ತಿರಲಿಲ್ವಾ? …ಮಾಡಿದ್ಯಾ? ಎಷ್ಟು ಸಲ? …ಹನ್ನೊಂದಾ! ಎಣಿಸ್ಕೊಂಡು ಕೂತಿದ್ಯಾ? ಫೋನ್ ಬ್ಯಾಗಲ್ಲಿರುತ್ತೆ ಕಣೇ. ಇಲ್ಲಿ ಕೈಗೆ ಗ್ಲೌಸ್ ಹಾಕ್ಕೊಂಡಿರ್ತೀನಿ, ಮುಟ್ಟೋ ಹಾಗಿಲ್ಲ. …ಸರಿ ಮಾರಾಯ್ತಿ, ಮೂರು ವಾರ ಗ್ಲೌಸ್ ಬಿಚ್ಚಲೇ ಇಲ್ಲ ಅಂತ ಇಟ್ಕೋ. ನಗು ಬಂತು ತಾನೇ? ನಗು, ನಗು. ನೀನು ನಕ್ಕರೆ ನನಗೆ ಅರ್ಧ ಜೀವ ಬರುತ್ತೆ.

ಮತ್ತೆ… ಅಮ್ಮ ಹೇಗಿದ್ದಾಳೆ? ಮೊಣಕಾಲಿಗೆ ಹಚ್ಕೊಳ್ಳೋ ಎಣ್ಣೆ ಮುಗೀತು ಅಂತಿದ್ಲು. …ಆ? …ಹೂಂ. ಗೊತ್ತು. ಅಮ್ಮನ ಎಣ್ಣೆ ವಿಷಯ ಮಾತಾಡೋಕೆ ನೀನು ಬಂದಿಲ್ಲ. ರಿಪೋರ್ಟು. ಗೊತ್ತು.

ಆಗಿಲ್ಲ. ಟೆಸ್ಟು ಕೆಟ್ಟುಹೋಯ್ತು.

ಹೆದರಬೇಡ, ಹೆದರಬೇಡ! ನಿನ್ನ ಕಾಲಿನ ಮಾಂಸ ಚೆನ್ನಾಗೇ ಇದೆ. ಅಂದ್ರೆ, ನಾವಿಟ್ಟಿರೋ ಚೂರು ಚೆನ್ನಾಗಿದೆ. ಅಲ್ಲಿ ನೋಡು, ಆ ಬಿಳಿ ಬೀರುವಿನ ಹಾಗಿದೆಯಲ್ಲ, ಅದು ಫ್ರೀಜರ್. ಮೈನಸ್ ಎಂಬತ್ತು. ಅದರೊಳಗೆ ಮೂರನೇ ಗೂಡಲ್ಲಿ ಒಂದು ಸಣ್ಣ ಡಬ್ಬಿ, ಡಬ್ಬಿಯೊಳಗೆ ನೀನು. ಸುಖವಾಗಿ ನಿದ್ದೆ ಹೊಡೀತಿದ್ದೀಯ. ಕೆಟ್ಟಿದ್ದು ಟೆಸ್ಟು ಮಾತ್ರ. ಆಗುತ್ತೆ ಕಣೇ, ಹತ್ತು ಸಲ ಮಾಡಿದ್ರೆ ಮೂರು ಸಲ ಕೆಡುತ್ತೆ. ಇದೇನು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ ಹಾಗಾ?

ಹೇಗೆ ಕೆಡುತ್ತೆ ಅಂತ ನಿನಗೆ ಹೇಳಿದ್ರೆ ತಿಳಿಯುತ್ತಾ? …ಓಹೋ. ಓಡೋದು ಕಲಿಸೋರಿಗೂ ತಲೆ ಇರುತ್ತೆ ಅಂತೀಯಾ. ಸರಿ ತಾಯಿ, ತಪ್ಪಾಯ್ತು. ಹೇಳ್ತೀನಿ, ಕೇಳು. ಮಧ್ಯೆ ಮಧ್ಯೆ ಬಾಯಿ ಹಾಕ್ಬೇಡ.

ಆವತ್ತು ನಿನ್ನ ತೊಡೆಗೆ ಸೂಜಿ ಚುಚ್ಚಿ ಮರಗಟ್ಟಿಸಿದ್ರಲ್ಲ, ಆಮೇಲೆ ತೆಗೆದಿದ್ದು ಇಷ್ಟೇ ಇಷ್ಟು, ಒಂದು ಕಡಲೆಕಾಳಿನಷ್ಟು. ಅದಕ್ಕೆ ನೀನು ಮಾಡಿದ ರಂಪ! ಮಂಚದ ಮೇಲೆ ಮಲಗ್ಕೊಂಡು ನನ್ನ ಕೈ ಹೀಗೆ ಹಿಂಡಿಬಿಟ್ಟಿದ್ದೆ. ಸೂರು ನೋಡ್ತಾ ನೋಡ್ತಾ ಕಣ್ಣಲ್ಲಿ ನೀರು ಕಿವಿಗೆ ಇಳೀತಿತ್ತು. ಏನಂದೆ, ನೆನಪಿದೆಯಾ? 'ನಂಗೊಬ್ಬಳಿಗೇ ಯಾಕಕ್ಕಾ?' ಅಂದೆ.

ಅದನ್ನ ಕೇಳಿ ನನಗೆ ತಡೀಲಿಲ್ಲ. ಅದಕ್ಕೇ ತಾನೇ ಪಕ್ಕದ ಮಂಚದ ಮೇಲೆ ನಾನೂ ಹೋಗಿ ಬಿದ್ಕೊಂಡಿದ್ದು? 'ಡಾಕ್ಟ್ರೇ, ನಂದೂ ಒಂದು ಚೂರು ತಗೊಳ್ಳಿ. ಹೇಗಿದ್ರೂ ನಮ್ಮ ಲ್ಯಾಬಿಗೆ ಗಟ್ಟಿಮುಟ್ಟಾದವರ ಮಾಂಸ ಬೇಕು' ಅಂದೆ. ಆ ಡಾಕ್ಟರು ನಕ್ಕು ನಕ್ಕು, 'ಇಂಥ ಅಕ್ಕ ಎಲ್ಲರಿಗೂ ಸಿಗಲ್ಲಮ್ಮ' ಅಂತ ನಿನಗೆ ಹೇಳಿದ್ರು. ನೀನು ಅಳೋದು ಬಿಟ್ಟು ನನ್ನ ತೊಡೆಗೆ ಕುಯ್ಯೋದನ್ನೇ ಬಾಯಿಬಿಟ್ಕೊಂಡು ನೋಡ್ದೆ. ಇಬ್ಬರಿಗೂ ಎರಡೆರಡು ಹೊಲಿಗೆ. ನನ್ನದು ಬೇಗ ಮಾಯ್ತು, ನಿನ್ನದು ನಿಧಾನ… ಅಲ್ವಾ? ನಿನ್ನದೂ ಬೇಗಾನೇ ಮಾಯ್ತಾ? ಒಳ್ಳೇದಾಯ್ತು ಬಿಡು.

ಬೇಕಿತ್ತು ಕಣೇ, ಸುಮ್ಮನೆ ಧೈರ್ಯಕ್ಕೆ ಅಂತಷ್ಟೇ ಅಲ್ಲ. ನಿನ್ನದರಲ್ಲಿ ಏನೋ ಕಡಿಮೆ ಇದೆ ಅಂತ ಹೇಳಬೇಕಾದ್ರೆ ಪಕ್ಕದಲ್ಲಿ ಎಲ್ಲಾ ಸರಿಯಾಗಿರೋದು ಒಂದು ಇರಬೇಕು, ಅಳತೆಗೆ. ಅದಕ್ಕೆ ಕಂಟ್ರೋಲ್ ಅಂತೀವಿ. ನಮ್ಮ ಹತ್ರ ಇದ್ದ ಕಂಟ್ರೋಲ್ ಚೂರುಗಳೆಲ್ಲ ಹೋದ ತಿಂಗಳು ಫ್ರೀಜರ್ ಕೈಕೊಟ್ಟಾಗ ಕರಗಿ ಹಾಳಾಗಿದ್ವು. ಹೊಸದು ಬರೋಕೆ ಎಷ್ಟು ದಿನವೋ. ನಿನ್ನ ಮುಖ ನೋಡಿದ್ರೆ ಕಾಯೋ ಹಾಗಿರಲಿಲ್ಲ. ನಾನಿದ್ದೀನಲ್ಲ, ಕಲ್ಲುಗುಂಡಿನ ಹಾಗೆ! ಒಂದು ದಿನ ಜ್ವರ ಅಂತ ಮಲಗಿದವಳಲ್ಲ. ನನಗಿಂತ ಕಂಟ್ರೋಲ್ ಬೇಕಾ?

ಹಾಂ, ಎಲ್ಲಿದ್ದೆ? ಚೂರು ತೆಗೆದ ಮೇಲೆ ಓಟ. ಈ ಪಾತ್ರೆ ಇದೆಯಲ್ಲ, ನೀನು ಕೈ ಹಾಕೋಕೆ ಹೋದೆಯಲ್ಲ, ಅದರಲ್ಲಿ ಹೆಪ್ಪುಗಟ್ಟಿಸಬೇಕು. ಆದ್ರೆ ನೇರ ಅದರೊಳಗೆ ಹಾಕೋ ಹಾಗಿಲ್ಲ. ಹಾಕಿದ್ರೆ ಮಾಂಸದ ಸುತ್ತ ಗುಳ್ಳೆ ಎದ್ದು, ನಿಧಾನವಾಗಿ ಹೆಪ್ಪುಗಟ್ಟಿ, ಒಳಗಿನ ನೀರೆಲ್ಲ ಹರಳಾಗಿ, ಮಾಂಸದ ತುಂಬಾ ತೂತು ಬೀಳುತ್ತೆ. ಜರಡಿ! ಅದಕ್ಕೇ ಸಣ್ಣ ಲೋಟದಲ್ಲಿ ಬೇರೆ ಒಂದು ದ್ರವ ಹಾಕಿ, ಆ ಲೋಟವನ್ನ ಇದರಲ್ಲಿ ಇಳಿಬಿಟ್ಟು, ತಳದಲ್ಲಿ ಬಿಳೀ ಮಣಿ ಕಟ್ಟೋವರೆಗೂ ಕಾದು, ಆಮೇಲೆ ಅದರಲ್ಲಿ ಅದ್ದಬೇಕು. ಎಣಿಸಿ ಹತ್ತು ಸೆಕೆಂಡು. ನಾನು ಎಷ್ಟೋ ಸಾವಿರ ಚೂರು ಅದ್ದಿದ್ದೀನಿ, ಒಂದರಲ್ಲೂ ತೂತು ಬಿದ್ದಿಲ್ಲ. ನಮ್ಮ ಲ್ಯಾಬಿನ ಮೇಡಂ ಹೊಸಬರಿಗೆ ನನ್ನನ್ನೇ ತೋರಿಸ್ತಾರೆ, 'ಈ ಕೈ ನೋಡಿ' ಅಂತ. ಆವತ್ತು ಮಾತ್ರ ನಿನ್ನ ಚೂರು ಅದ್ದೋವಾಗ, ಹತ್ತು ಎಣಿಸೋಕೆ ಹೋಗಿ ಆರಕ್ಕೆ ಮರೆತುಹೋಯ್ತು. ಮತ್ತೆ ಒಂದರಿಂದ ಎಣಿಸ್ದೆ.

ಏನದು? …ಹಾಲಿನ ಪುಡಿ ಡಬ್ಬ. …ಅಯ್ಯೋ ಟೀಗಲ್ಲ! ಇಲ್ಲಿ ಒಂದು ಗುಟುಕು ನೀರು ಕುಡಿಯೋ ಹಾಗಿಲ್ಲ, ಟೀ ಎಲ್ಲಿಂದ. ಅದಕ್ಕೂ ಕೆಲಸ ಇದೆ, ಬರ್ತೀನಿ ತಡಿ. ಇಡು ಅಲ್ಲೇ. …ಬೇಡ, ಮೇಲಿನ ಹಲಗೆ ಮೇಲೆ ಬೇಡ. ಮೇಜಿನ ಮೇಲೇ ಇರಲಿ. ಸುಮ್ಮನೆ ಹೇಳಿದೆ. ಮೇಲಿಟ್ರೆ ಮತ್ತೆ ತೆಗೀಬೇಕಲ್ಲ, ಅದಕ್ಕೆ. ಈಗ ಎಲ್ಲಾ ಕೆಳಗೇ ಇಟ್ಕೊಂಡಿದ್ದೀನಿ, ಕೈಗೆ ಸಿಗೋ ಹಾಗೆ.

ಆಮೇಲೆ ಆ ಚೂರಲ್ಲಿ ಒಂಚೂರು ಅರೆದು, ನೊರೆ ಬರೋ ನೀರಲ್ಲಿ ಕುದಿಸಿ, ನೀಲಿ ಬಣ್ಣ ಹಾಕ್ತೀವಿ. ಮಾಂಸ ಅಂದ್ರೆ ಬರೀ ಮಾಂಸ ಅಲ್ಲ ಕಣೇ, ಅದರೊಳಗೆ ಸಾವಿರಾರು ಥರದ ಪ್ರೋಟೀನ್. ಎಳೆಯೋದು ಒಂದು, ಹಿಡಿಯೋದು ಒಂದು, ಕಟ್ಟೋದು ಒಂದು. ಎಲ್ಲಾ ಕಲಸಿಹೋಗಿರುತ್ತೆ. ಬೇರೆ ಮಾಡೋದು ಹೇಗೆ? ನಿನ್ನ ಥರಾನೇ, ಓಡಿಸಿ! ಈ ಗಾಜಿನ ಮಧ್ಯೆ ಜೆಲ್ಲಿ ಇದೆ ನೋಡು, ಇದೇ ಮೈದಾನ. ಮೇಲ್ಗಡೆ ಬಾಚಣಿಗೆ ಹಲ್ಲಿನ ಹಾಗೆ ಗುಂಡಿಗಳಿದ್ದಾವಲ್ಲ, ಒಂದೊಂದು ಗುಂಡಿಗೆ ಒಬ್ಬೊಬ್ಬರ ಮಾಂಸದ ರಸ. ಕರೆಂಟು ಕೊಟ್ರೆ ಎಲ್ಲಾ ಕೆಳಕ್ಕೆ ಓಡುತ್ತೆ. ಸಣ್ಣ ಪ್ರೋಟೀನು ಬೇಗ ಕೆಳಗೆ ಹೋಗುತ್ತೆ, ದೊಡ್ಡದು ಏದುಸಿರು ಬಿಡ್ಕೊಂಡು ಮೇಲೇ ನಿಲ್ಲುತ್ತೆ. ನಿನ್ನ ಸ್ಕೂಲಿನ ಓಟದ ಸ್ಪರ್ಧೆ ಹಾಗೆ, ಒಬ್ಬೊಬ್ಬರಿಗೂ ಅವರದೇ ಸಾಲು, ಪಕ್ಕದವರ ಸಾಲಿಗೆ ಕಾಲಿಡೋ ಹಾಗಿಲ್ಲ.

ಹೂಂ, ನೀನು ಓಡ್ತಿದ್ದಿದ್ದು ಹಾಗೇ. ಆಚೀಚೆ ನೋಡ್ತಿರಲಿಲ್ಲ. ನಾನು ಗೆರೆಯ ಹತ್ರ ನಿನ್ನ ಚಪ್ಪಲಿ ಹಿಡ್ಕೊಂಡು ನಿಂತಿರ್ತಿದ್ದೆ. ಅಮ್ಮ ನಿನಗೆ ಜಿಂಕೆ ಅಂತಿದ್ಲು, ನನಗೆ ಆಮೆ. 'ಜಿಂಕೆ ಬಂತೇನೇ? ಹಾಗಾದ್ರೆ ಆಮೆಗೂ ಎಲೆ ಹಾಕು, ಅದು ಸಂಜೆಗೆ ಬರುತ್ತೆ!' ನೀನು ಈಗ್ಲೂ ಫೋನಲ್ಲಿ ನನ್ನ ಹೆಸರು ಆಮೆ ಅಂತಾನೇ ಇಟ್ಕೊಂಡಿದ್ದೀಯಲ್ಲ? ನೋಡಿದ್ದೀನಿ.

ಯಾಕೆ ಮುಖ ಬಾಡಿತು? ಓಟದ ಮಾತು ಎತ್ತಬಾರದಿತ್ತು ನಾನು. ಹಾಳು ಬಾಯಿ.

…ಯಾವ ಪ್ರೋಟೀನ್ ಅಂತಾನಾ? ಅದಕ್ಕೆ ದೊಡ್ಡ ಹೆಸರಿದೆ, ಡಿಸ್ಫರ್ಲಿನ್ ಅಂತ. ನಾವು ದರ್ಜಿ ಅಂತೀವಿ. ನಡೆದಾಗ, ಓಡಿದಾಗ, ಮೆಟ್ಟಿಲು ಇಳಿದಾಗ ಮಾಂಸದ ಎಳೆಗಳಿಗೆ ಸಣ್ಣ ಸಣ್ಣ ಹರುಕು ಬೀಳುತ್ತಂತೆ. ಎಲ್ಲರಿಗೂ ಬೀಳುತ್ತೆ, ದಿನಾ ಬೀಳುತ್ತೆ. ಈ ದರ್ಜಿ ಓಡಿಬಂದು ತೇಪೆ ಹಾಕಿ ಹೋಗ್ತಾನೆ. ನಮಗೆ ಗೊತ್ತೂ ಆಗಲ್ಲ. ಕೆಲವರಿಗೆ ಹುಟ್ಟುವಾಗಲೇ ದರ್ಜಿ ಇರಲ್ಲ. ಚಿಕ್ಕವಯಸ್ಸಲ್ಲಿ ತಿಳಿಯಲ್ಲ, ಎಲ್ಲರಿಗಿಂತ ಜೋರಾಗೇ ಓಡ್ತಾರೆ. ಇಪ್ಪತ್ತೋ ಮೂವತ್ತೋ ಆದ ಮೇಲೆ ಒಂದು ದಿನ ಕಾಲ್ಬೆರಳ ಮೇಲೆ ನಿಲ್ಲೋಕಾಗಲ್ಲ. ಆಮೇಲೆ ಮೆಟ್ಟಿಲು. ಆಮೇಲೆ…

ಗೊತ್ತಿದೆಯಲ್ಲ ನಿನಗೆ, ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ?

ಇಲ್ಲಿ ಕೇಳು. ಒಂದು ಮಾತು ಹೇಳಬೇಕು. ಹೋದ ವರ್ಷ ಕಾಲು ಸೋಲುತ್ತೆ ಅಕ್ಕ ಅಂತ ಮೊದಲು ನೀನು ನನ್ನ ಹತ್ರ ಬಂದೆ. ನಾನೇನಂದೆ? 'ಓಡು. ಬೆಳಿಗ್ಗೆ ಎದ್ದು ಇನ್ನೂ ಎರಡು ಸುತ್ತು ಜಾಸ್ತಿ ಓಡು, ಗಟ್ಟಿಯಾಗುತ್ತೆ' ಅಂದೆ. ನಾನು! ಹದಿನೆಂಟು ವರ್ಷ ಇದೇ ಮಾಂಸ ಅರೆದವಳು! ಹರಿಯೋ ಬಟ್ಟೆಯನ್ನ ಇನ್ನೂ ಜೋರಾಗಿ ಒಗಿ ಅಂತ ಹೇಳಿದ ಹಾಗೆ. ನೀನು ಏಳು ತಿಂಗಳು ಓಡಿದೆ. ಆ ಏಳು ತಿಂಗಳಲ್ಲಿ ಎಷ್ಟು ಹರೀತೋ… ಬೈಯೇ. ಎರಡು ಬೈದುಬಿಡು, ಹಗುರಾಗುತ್ತೆ. …'ನಿನಗೇನು ಗೊತ್ತಿತ್ತು' ಅಂತೀಯಾ? ಇದೇ ಬೇಡ ಅನ್ನೋದು ನಾನು. ನೀನು ಒಳ್ಳೆಯವಳಾಗ್ಬೇಡ.

ಸರಿ, ಸರಿ, ಅಳಲ್ಲ. ಇದು… ಈ ಹೊಗೆಗೆ ಕಣ್ಣು ಉರಿಯುತ್ತೆ.

ಹಾಲಿನ ಪುಡಿ! ಮರೆತೇಬಿಟ್ಟೆ. ಜೆಲ್ಲಿಯಿಂದ ಪ್ರೋಟೀನನ್ನ ಒಂದು ಬಿಳಿ ಹಾಳೆಗೆ ಇಳಿಸ್ತೀವಿ. ಅಚ್ಚು ಒತ್ತಿದ ಹಾಗೆ. ಹಾಳೆಯ ಒಂದು ಮೂಲೆ ಕತ್ತರಿಸ್ಬೇಕು, ಇಲ್ಲಾಂದ್ರೆ ಯಾವುದು ಎಡ ಯಾವುದು ಬಲ ಅಂತ ಗೊತ್ತಾಗದೆ ಒಬ್ಬರ ರೋಗ ಇನ್ನೊಬ್ಬರ ತಲೆಗೆ ಕಟ್ಟಿಬಿಡ್ತೀವಿ. ಆಮೇಲೆ ಆ ಹಾಳೆಯನ್ನ ಹಾಲಲ್ಲಿ ನೆನೆಸ್ತೀವಿ. ಖಾಲಿ ಜಾಗವೆಲ್ಲ ಹಾಲು ಕುಡಿದು ತುಂಬ್ಕೊಳ್ಳುತ್ತೆ. ಆಮೇಲೆ ದರ್ಜಿಯನ್ನ ಮಾತ್ರ ಹುಡುಕಿ ಹಿಡಿಯೋ ಆ್ಯಂಟಿಬಾಡಿ ಬಿಡ್ತೀವಿ. ಒಳ್ಳೆ ಪೊಲೀಸ್ ನಾಯಿ ಇದ್ದಂಗೆ. ಅವನು ಎಲ್ಲಿದ್ದಾನೋ ಅಲ್ಲೇ ಹೋಗಿ ಕೂತ್ಕೊಳ್ಳುತ್ತೆ. ಕತ್ತಲೆ ಕೋಣೆಯಲ್ಲಿ ಫಿಲ್ಮ್ ಇಟ್ರೆ ಅಲ್ಲಿ ಒಂದು ಕಪ್ಪು ಗೆರೆ ಮೂಡುತ್ತೆ. ಗೆರೆ ಇದ್ರೆ ದರ್ಜಿ ಇದ್ದಾನೆ. ಗೆರೆ ಇಲ್ಲ ಅಂದ್ರೆ ಇಲ್ಲ. ಅಷ್ಟೇ. ನಾಲ್ಕು ದಿನದ ಕೆಲಸ, ಒಂದು ಗೆರೆಗೋಸ್ಕರ.

…ನಿನ್ನದಾ?

ಹೇಳಿದ್ನಲ್ಲೇ, ಟೆಸ್ಟು ಕೆಟ್ಟುಹೋಯ್ತು ಅಂತ. ನಿನ್ನದರಲ್ಲಿ ಗೆರೆ ಕಾಣಲಿಲ್ಲ. ತಡಿ, ತಡಿ, ಪೂರ್ತಿ ಕೇಳು! ಎದೆ ಹಿಡ್ಕೋಬೇಡ. ಕಂಟ್ರೋಲ್‌ನಲ್ಲೂ ಕಾಣಲಿಲ್ಲ. ಸರಿಯಾಗಿರೋರಲ್ಲೇ ಗೆರೆ ಬರಲಿಲ್ಲ ಅಂದ್ರೆ ಏನರ್ಥ? ಟೆಸ್ಟೇ ಸರಿಯಿಲ್ಲ ಅಂತ. ಅದನ್ನ ಓದೋ ಹಾಗಿಲ್ಲ, ಬಿಸಾಡಬೇಕು. ಅದೇ ನಿಯಮ. ತಕ್ಕಡಿಯೇ ಸರಿಯಿಲ್ಲ ಅಂದ್ಮೇಲೆ ತೂಕದ ಮಾತೆಲ್ಲಿ?

ಅದಕ್ಕೇ ಮತ್ತೆ ಮಾಡ್ದೆ. ಎರಡು ಸಲ. ಮೂರು ಸಲ. ಹಾಳೆಗೆ ಇಳಿಯೋಕೆ ಸಮಯ ಸಾಲಲಿಲ್ಲವೇನೋ, ದೊಡ್ಡ ಪ್ರೋಟೀನು ತಾನೇ, ಅಂತ ಇಡೀ ರಾತ್ರಿ ಬಿಟ್ಟೆ. ಗಾಳಿಗುಳ್ಳೆ ಸೇರಿತೇನೋ ಅಂತ ಗಾಜಿನ ಕೊಳವೆ ಉರುಳಿಸಿ ಉರುಳಿಸಿ ತೆಗೆದೆ. ಹಾಲು ಬದಲಾಯಿಸ್ದೆ. ಮೇಡಂ ಹತ್ರ 'ಆ್ಯಂಟಿಬಾಡಿ ಹಳೇದಾಗಿದೆ, ಹೊಸದು ತರಿಸಿ' ಅಂತ ಜಗಳ ಆಡ್ದೆ. ಪಾಪ, ತರಿಸಿದ್ರು. ಹೊಸ ಶೀಶೆ ಒಡೆದ ದಿನ ನಾನು ಎಷ್ಟು ಬೇಡ್ಕೊಂಡೆ ಗೊತ್ತಾ? ನಿನಗೋಸ್ಕರ ಬೇಡ್ಕೊಂಡೆ ಅಂತಾನೇ ಅಂದ್ಕೊಂಡಿದ್ದೆ.

ಏನಾಯ್ತಾ? ಆಮೇಲೇನಾಯ್ತು ಅಂದ್ರೆ… ಅದೇ. ಮತ್ತೆ ಅದೇ. ಬಸ್ ಡ್ರೈವರ್ ಒಬ್ಬರದು ಬಿಟ್ರೆ…

ಯಾರಿಲ್ಲ. ಒಬ್ಬ ಪೇಷಂಟು. ಬಸ್ ಓಡಿಸೋರು. ಅವರಿಗೂ ಕಾಲು ಸೋಲು ಅಂತ ಬಂದಿದ್ರು, ಅವರ ಚೂರೂ ಇತ್ತು. ಗುಂಡಿ ಖಾಲಿ ಯಾಕೆ ಬಿಡೋದು ಅಂತ ಅದೇ ಹಾಳೆಯಲ್ಲಿ ಅವರದೂ ಹಾಕಿದ್ದೆ. ನಾಲ್ಕನೇ ಸಾಲು. ಅವರಿಗೆ ಗೆರೆ ಬಂತು. ಇಷ್ಟು ದಪ್ಪ! ಮೊನ್ನೆ ಫೋನ್ ಮಾಡಿ ನಿಮಗೆ ಆ ಕಾಯಿಲೆ ಅಲ್ಲ ಸ್ವಾಮಿ, ಬೇರೇನೋ ಇದೆ, ಬನ್ನಿ ಅಂದ್ರೆ ಮನುಷ್ಯ ಫೋನಲ್ಲೇ ಅತ್ತುಬಿಟ್ರು, ಸ್ಟಿಯರಿಂಗ್ ಮುಂದೆ ಮತ್ತೆ ಕೂರಬಹುದಾ ಮೇಡಂ ಅಂತ…

ಏನು? …ಏನು ಕೇಳ್ದೆ?

ಅದೇ ಹಾಳೆ. ಹೂಂ. ಅದೇ ಆ್ಯಂಟಿಬಾಡಿ. …ಅಂದ್ರೆ… ಅಲ್ಲ ಕಣೇ, ಅದು ಹಾಗಲ್ಲ. ಕೆಲವು ಸಲ ಹಾಳೆಯ ಒಂದು ಪಕ್ಕ ಚೆನ್ನಾಗಿ ಇಳಿಯುತ್ತೆ, ಇನ್ನೊಂದು ಪಕ್ಕ… ಮೂರು ಸಲವೂ ಅದೇ ಪಕ್ಕ ಅಂತೀಯಾ? ಆಗಬಹುದು. ಯಾಕಾಗಬಾರದು? ನೀನು ನನಗೆ ಪಾಠ ಹೇಳೋಕೆ ಬರ್ಬೇಡ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ, ಇಂಥ ಕೆಲಸ ಇದು. ಎಲ್ಲಿ ಏನು ತಪ್ಪಿತೋ…

ಎಲ್ಲಿಗೆ ಎದ್ದೆ? ಆ ಡ್ರಾಯರ್ ಬೇಡ. ಅದರಲ್ಲಿ ಏನೂ ಇಲ್ಲ. ಹಳೇ ಕಾಗದ. ಮೇಡಂಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ. ಏ! ಹೇಳಿದ್ದು ಕೇಳಿಸ್ತಿಲ್ವಾ? ನಿನ್ನ ಕಾಲಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಈಗ? ಬಂದೆ, ನಾನೇ ಬಂದೆ, ತಡಿ… ತಡಿ, ಈ ಮೇಜು ಹಿಡ್ಕೊಂಡು… ಸ್ಟೂಲು ಜಾರ್ತು.

…ಸಿಕ್ತಾ ಫಿಲ್ಮು.

ನೋಡು. ಕಿಟಕಿ ಹತ್ರ ಹಿಡ್ಕೊಂಡು ನೋಡು, ಬೆಳಕಿಗೆ. ಕತ್ತರಿಸಿದ ಮೂಲೆ ಎಡಕ್ಕೆ ಬರಬೇಕು. ಹಾಗಲ್ಲ, ತಿರುಗಿಸು. ಹೂಂ. ಒಂದನೇ ಸಾಲು ಅಳತೆಪಟ್ಟಿ, ಅದನ್ನ ಬಿಡು. ಮೂರನೇದು ನೀನು. ಗೆರೆ ಇಲ್ಲ. ನಾಲ್ಕನೇದು ಡ್ರೈವರ್. ಕೆಳಗಡೆ ಎಲ್ಲಾ ಸಾಲಲ್ಲೂ ಒಂದೇ ಥರ ಗೆರೆ ಇದೆಯಲ್ಲ, ಅದು ಬೇರೆ ಪ್ರೋಟೀನು. ಎಲ್ಲರದೂ ಒಂದೇ ಅಳತೆ ಮಾಂಸ ಹಾಕಿದ್ದೀವಾ ಅಂತ ನೋಡೋಕೆ. ಎಲ್ಲರದೂ ಸರಿಯಾಗೇ ಇದೆ. ಹಾಳೆಗೆ ಚೆನ್ನಾಗೇ ಇಳಿದಿದೆ.

ಇದ್ದಿದ್ದು ಇದು. ನಿನ್ನ ಕಾಯಿಲೆ ಅದೇ ಕಣೇ. ಮೂರು ವಾರದಿಂದ ಗೊತ್ತು ನನಗೆ. ಹೇಳೋಕೆ ನಾಲಿಗೆ ಏಳಲಿಲ್ಲ. ಅದಕ್ಕೇ ಟೆಸ್ಟು ಕೆಟ್ಟಿತು ಅಂದೆ. ಅಷ್ಟೇ ನಾನು ಬಚ್ಚಿಟ್ಟಿದ್ದು. ತಪ್ಪಾಯ್ತು. ಸೋಮವಾರ ಮೇಡಂಗೆ ತೋರಿಸ್ತೀನಿ, ಸ್ಕೂಲಿಗೆ ಏನು ಬರೀಬೇಕೋ ಅವರೇ ಬರೆದುಕೊಡ್ತಾರೆ. ಮೈದಾನದ ಬದಲು ಕ್ಲಾಸ್‌ರೂಮು ಕೊಡ್ತಾರೆ. ಗಾಲಿಕುರ್ಚಿ ಬೇಕಾಗೋದು ಇನ್ನೂ ಎಷ್ಟೋ ವರ್ಷ ಆದ್ಮೇಲೆ. ಆಗಲೂ ನಾನಿರ್ತೀನಲ್ಲ? ಮಾತು ಕೊಟ್ಟಿದ್ದೀನಲ್ಲ ನಿನಗೆ, ನಿನ್ನನ್ನ ಎತ್ಕೊಂಡು ಓಡಾಡೋದು ನಾನು ಅಂತ? ನಾನು…

ಏ, ಅಲ್ಲಲ್ಲ. ನಿನ್ನ ಸಾಲು ಅದಲ್ಲ. ಮೂರನೇದು ನೀನು ಅಂದೆ. ಬೆರಳು ಯಾಕೆ ಅಲ್ಲಿಟ್ಟಿದ್ದೀಯ? ತೆಗಿ. ಅದು ಎರಡನೇ ಸಾಲು, ಕಂಟ್ರೋಲ್. ಅದರ ಮೇಲೆ ನಂಬರ್ ಮಾತ್ರ ಬರೆದಿದ್ದೀನಿ, ಹೆಸರಿಲ್ಲ. 'ಆರೋಗ್ಯವಂತ ಹೆಂಗಸು, ವಯಸ್ಸು ನಲವತ್ಮೂರು.' ಅಷ್ಟೇ. ತೆಗಿ ಬೆರಳು.

ಏನಾದ್ರೂ ಅನ್ನೇ. ಹೀಗೆ ಸುಮ್ಮನಿರ್ಬೇಡ. ಚಿಕ್ಕಂದಿನಿಂದಲೂ ನೀನು ಸುಮ್ಮನಾದ್ರೆ ನನಗೆ ಭಯ. ಬೈದ್ರೆ ಭಯ ಇಲ್ಲ.

…ಎಲ್ಲಿ ನೋಡ್ತಿದ್ದೀಯ? ಮೇಲಿನ ಹಲಗೆಯಾ? ಹೂಂ, ಖಾಲಿ. ಹೇಳಿದ್ನಲ್ಲ, ಎಲ್ಲಾ ಕೆಳಗಿಟ್ಕೊಂಡಿದ್ದೀನಿ ಅಂತ. ಸ್ಟೂಲು… ಎತ್ತರದ್ದು ಎಲ್ಲರಿಗೂ ಸುಲಭ. ನನ್ನ ಕೈ ನೋಡ್ಬೇಡ. ಮೇಜು ಹಿಡ್ಕೊಂಡ್ರೆ ಏನೀಗ? ಜನ ಮೇಜು ಹಿಡ್ಕೊಳ್ಳಲ್ವಾ?

ಗೊತ್ತಿತ್ತು ಕಣೇ ನನಗೆ. ಒಡಹುಟ್ಟಿದವರನ್ನ ಕಂಟ್ರೋಲ್ ಮಾಡ್ಕೋಬಾರದು ಅಂತ. ಮೊದಲ ದಿನದ ಪಾಠ ಅದು. ಒಂದೇ ಹೊಟ್ಟೆ, ಒಂದೇ ರಕ್ತ, ಒಬ್ಬರಿಗೆ ಬಂದಿದ್ದು ಇನ್ನೊಬ್ಬರಲ್ಲೂ ಇರಬಹುದು. ಎಷ್ಟು ಜನ ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೀನಿ! ಅವತ್ತು ನೀನು ಅಳ್ತಿದ್ದೆ. ಮೇಡಂ ಊರಲ್ಲಿರಲಿಲ್ಲ. ನನಗೆ ಆ ಪಾಠ ನೆನಪಿಗೇ ಬರಲಿಲ್ಲ. ನಾನು ಸರಿಯಾಗಿದ್ದೀನಿ ಅನ್ನೋದು ನನಗೆ ಎಷ್ಟು ಗಟ್ಟಿ ಅಂದ್ರೆ… ಬೇರೆಯವರ ಮಾಂಸದಲ್ಲಿ ಕೂದಲೆಳೆಯಷ್ಟು ಗೆರೆ ಹುಡುಕೋಳು ನಾನು. ದೀಪದ ಬುಡದಲ್ಲೇ ಕತ್ತಲೆ.

ಯಾವಾಗಿನಿಂದ ಅಂತ ಕಣ್ಣಲ್ಲೇ ಕೇಳ್ತೀಯ. ಗೊತ್ತಿಲ್ಲ. ಒಂದೂವರೆ ವರ್ಷ ಇರಬಹುದು, ಎರಡು ಇರಬಹುದು. ನೀನು ಎಡವಿದ್ರೆ ಮನೆಯೆಲ್ಲ ಓಡಿಬರುತ್ತೆ, ಜಿಂಕೆ ಎಡವಿತಲ್ಲ ಅಂತ. ಆಮೆ ನಿಧಾನ ಆದ್ರೆ ಯಾರಿಗೆ ಗೊತ್ತಾಗುತ್ತೆ ಹೇಳು? ನನಗೇ ಗೊತ್ತಾಗಲಿಲ್ಲ. ವಯಸ್ಸಾಯ್ತು ಅಂದ್ಕೊಂಡೆ. ದಪ್ಪ ಆದೆ ಅಂದ್ಕೊಂಡೆ. ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿದೆ. ಮೇಲಿನ ಹಲಗೆಯಿಂದ ಒಂದೊಂದೇ ಡಬ್ಬ ಕೆಳಗೆ ಬಂತು. ಮೊದಲನೇ ಫಿಲ್ಮ್ ನೋಡಿದಾಗಲೂ ನಂಬಲಿಲ್ಲ. ಮೂರನೇದು ನೋಡಿದ ಮೇಲೆ, ಆ ಕತ್ತಲೆ ಕೋಣೆಯ ಕೆಂಪು ದೀಪದಲ್ಲೇ ಚಪ್ಪಲಿ ಬಿಚ್ಚಿ, ಕಾಲ್ಬೆರಳ ಮೇಲೆ ನಿಲ್ಲು ಅಂತ ಡಾಕ್ಟರು ನಿನಗೆ ಮಾಡಿಸಿದ್ರಲ್ಲ, ಅದನ್ನ ಮಾಡಿ ನೋಡ್ಕೊಂಡೆ.

ಹೇಳ್ಬಾರದು ಅಂತ ಇದ್ದೆ. ನಿನಗೆ ಒರಗೋಕೆ ಒಂದು ಗೋಡೆಯಾದ್ರೂ ಇರಲಿ ಅಂತ. ಆ ಗೋಡೆಯೂ ಬೀಳ್ತಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಅಮ್ಮನಿಗೆ ಯಾವ ಬಾಯಲ್ಲಿ ಹೇಳಲಿ? ಎರಡು ಹೆಣ್ಣು, ಎರಡೂ…

ಏನು ಮಾಡ್ತಿದ್ದೀಯ? ಚಪ್ಪಲಿ ಯಾಕೆ ಬಿಚ್ತೀಯ? ನೆಲ ತಣ್ಣಗಿದೆ ಕಣೇ.

…ನಾನೂನಾ?

ಬೇಡ. ಬೇಡ ಅಂದೆ. …ಸರಿ. ಹಾಗೆ ನೋಡ್ಬೇಡ, ಬಿಚ್ತೀನಿ. ನಿಂತೆ. ಮೇಜು ಬಿಟ್ಟೆ, ನೋಡು. ಕೈ ಕೊಡು ಇಲ್ಲಿ. ನಿನ್ನ ಕೈ ಎಷ್ಟು ಬೆಚ್ಚಗಿದೆ… ಆಟದ ಟೀಚರೇ, ಎಣಿಸು. ನಿನ್ನ ಮಕ್ಕಳಿಗೆ ಎಣಿಸೋ ಹಾಗೆ. ಎಣಿಸಲ್ವಾ? ನಾನೇ ಎಣಿಸ್ತೀನಿ. ಒಂದು… ಎರಡು… ಮೂರು.

ಏಳ್ತಿಲ್ಲ ಕಣೇ. ಹಿಮ್ಮಡಿ ಏಳ್ತಿಲ್ಲ.

ನಿಂದೂ ಏಳ್ತಿಲ್ಲ.

ಒಬ್ಬಳಿಗೇ ಯಾಕೆ ಅಂತ ಕೇಳಿದ್ಯಲ್ಲ ಆವತ್ತು… ಒಬ್ಬಳಿಗೇ ಅಲ್ಲ.